ಮಂಡಲ ಹಾಕುವ ಮೊದಲು: ವಿಕ್ಕಾ, ಪೇಗನ್ ಆಚರಣೆಗೆ ಜಾಗ ಸಿದ್ಧ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಶಿರಸಿ ಕಡೆಯ ಒಂದು ತೋಟದ ಮನೆಯಲ್ಲಿ. ಕೆಲಸ ಸಿಕ್ಕಿದ್ದು ಕಾರವಾರದಲ್ಲಿ. ವಿಕ್ಕಾ ಆಚರಣೆ ಶುರು ಮಾಡಿ ಸುಮಾರು ವರ್ಷಗಳಾದವು. ಹೆಚ್ಚಿನ ಸಲ ಒಬ್ಬಳೇ ಮಾಡುತ್ತೇನೆ, ಅಪರೂಪಕ್ಕೆ ಇಬ್ಬರು ಗೆಳತಿಯರು ಜೊತೆಗಿರುತ್ತಾರೆ. ಈ ದಾರಿಯಲ್ಲಿ ಆಸಕ್ತಿ ಇರುವವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇರುತ್ತವೆ: ಆಚರಣೆಗೆ ಕೂರುವ ಮೊದಲು ಜಾಗ ಸಿದ್ಧ ಮಾಡುವುದು, ಅಂದರೆ ಸುತ್ತ ವೃತ್ತ ಎಳೆದು ಮಂಡಲ ಹಾಕುವುದು ಹೇಗೆ? ಸಿಗುವ ವಿವರಣೆಗಳೆಲ್ಲ ಇಂಗ್ಲೆಂಡ್, ಅಮೆರಿಕದ ಹಿತ್ತಲಿಗೆ ಹೊಂದುವಂಥವು. ನಮ್ಮ ಮಳೆ ಬೇರೆ, ನಮ್ಮ ಕಡಲು ಬೇರೆ, ಮನೆಯಲ್ಲಿರುವ ಜನರೂ ಬೇರೆ. ಅದಕ್ಕೇ ಇಲ್ಲಿ ಕೂತು ಇದನ್ನು ಬರೆದೆ.

ವಿಕ್ಕಾ ಅಂದರೆ ಏನು? ಎಷ್ಟು ಹಳೆಯದು?

ನಿಸರ್ಗದಲ್ಲೇ ದೈವವನ್ನು ಕಾಣುವ, ಹೊಸ ಕಾಲದ ಒಂದು ಧರ್ಮ. ಯುರೋಪಿನ ಹಳೆಯ ದೇವತೆಗಳನ್ನು, ನಿಸರ್ಗವನ್ನು ಪೂಜಿಸುವ ಇಂಥ ಹಲವು ದಾರಿಗಳಿಗೆ ಒಟ್ಟಾಗಿ ಪೇಗನ್ ಅನ್ನುತ್ತಾರೆ. ಸಾಮಾನ್ಯವಾಗಿ ಒಬ್ಬ ದೇವಿ, ಒಬ್ಬ ಕೊಂಬಿನ ದೇವ, ಹುಣ್ಣಿಮೆಯ ಆಚರಣೆ, ವರ್ಷಕ್ಕೆ ಎಂಟು ಹಬ್ಬ. ಬ್ರಿಟನ್ನಿನಲ್ಲಿ ಮಾಟದ ಬಗ್ಗೆ ಇದ್ದ 1735ರ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಕಸ್ಟಮ್ಸ್ ಅಧಿಕಾರಿ ಇದರ ಬಗ್ಗೆ ಬಹಿರಂಗವಾಗಿ ಬರೆದರು. ಅವರ ಜೊತೆಗಿದ್ದ ಡೋರೀನ್ ವ್ಯಾಲಿಯೆಂಟೆ ಪ್ರಾರ್ಥನೆಯ ಮಾತುಗಳನ್ನು ತಿದ್ದಿ ಚಂದ ಮಾಡಿದರು. ಸಾವಿರಾರು ವರ್ಷದಿಂದ ಕಡಿಯದೆ ಬಂದ ಪರಂಪರೆ ಇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಹೊಸದು ಅನ್ನುವುದರಲ್ಲಿ ನನಗಂತೂ ಕೊರತೆ ಏನೂ ಕಾಣುವುದಿಲ್ಲ.

ದೈವ ಎಲ್ಲ ಕಡೆ ಇರುವಾಗ ಬೇರೆ ಜಾಗ ಯಾಕೆ ಕಟ್ಟಬೇಕು?

ಹೆಚ್ಚಿನ ವಿಕ್ಕನ್ನರಿಗೆ ಅಂತ ಒಂದು ಗುಡಿ ಇರುವುದಿಲ್ಲ. ಪ್ರತಿ ಸಲ ಒಂದು ಗಂಟೆಯ ಮಟ್ಟಿಗೆ ಗುಡಿ ಕಟ್ಟುತ್ತೇವೆ, ಮುಗಿದ ಮೇಲೆ ಬಿಚ್ಚಿಡುತ್ತೇವೆ. ಬಯಲಾಟದ ರಂಗಸ್ಥಳ ನೆನಪು ಮಾಡಿಕೊಳ್ಳಿ. ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನ ಎಲೆ ಕಟ್ಟಿದರೆ ರಾತ್ರಿಯಿಡೀ ಅದು ದೇವಲೋಕ. ಬೆಳಿಗ್ಗೆ ಕಂಬ ಕಿತ್ತರೆ ಮತ್ತೆ ಗದ್ದೆ. ಮಂಡಲವೂ ಹಾಗೇ.

ಹಳೆಯ ಯುರೋಪಿನ ಮಾಂತ್ರಿಕರು ಕರೆದ ಶಕ್ತಿಗಳು ಮೈಮೇಲೆ ಬರದಿರಲಿ ಅಂತ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದರು. ವಿಕ್ಕಾದಲ್ಲಿ ಗೆರೆಯ ಕೆಲಸ ಬೇರೆ ಅಂತ ಗಾರ್ಡ್ನರ್ ಹೇಳಿದರು: ಒಳಗೆ ಎಬ್ಬಿಸಿದ ಶಕ್ತಿ ಚೆಲ್ಲಿ ಹೋಗದಂತೆ ಹಿಡಿದಿಡುವುದು. ಕಾಯಿಸಿದ ಹಾಲಿಗೆ ಪಾತ್ರೆ ಬೇಕಲ್ವಾ, ಹಾಗೆ. ನನ್ನ ಅನುಭವ ಇನ್ನೂ ಸರಳ. ಮಂಡಲ ಹಾಕಿದ ಮೇಲೆ ನಾಳೆಯ ಕೆಲಸ, ಅಂಗಡಿ ಸಾಲ, ಫೋನಿನ ಸದ್ದು ಇವೆಲ್ಲ ಗೆರೆಯ ಆಚೆ ನಿಲ್ಲುತ್ತವೆ.

ಕ್ರಮವಾಗಿ ಏನೇನು ಮಾಡಬೇಕು?

ಮೊದಲು ಗುಡಿಸುವುದು. ಪೊರಕೆಯನ್ನು ನೆಲಕ್ಕೆ ತಾಗಿಸದೆ ಗಾಳಿಯಲ್ಲೇ ಆಡಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಾನು ನಿಜವಾಗಿಯೇ ಗುಡಿಸಿ, ನಿಜವಾಗಿಯೇ ಒರೆಸುತ್ತೇನೆ. ಇದನ್ನು ಕಲಿತಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಅಜ್ಜಿಯಿಂದ. ಹಬ್ಬದ ಹಿಂದಿನ ದಿನ ಅಜ್ಜಿ ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಶೇಡಿ, ಅಂದರೆ ಬಿಳಿ ಮಣ್ಣಿನ ಚಿತ್ರ ಬರೆಯುತ್ತಿದ್ದಳು. ಹಳೆ ಬಟ್ಟೆಯ ಚೂರನ್ನು ಶೇಡಿ ನೀರಿನಲ್ಲಿ ಅದ್ದಿ, ಮೂರು ಬೆರಳಲ್ಲಿ ಒತ್ತಿ ಹಿಡಿದು, ಉಂಗುರ ಬೆರಳಿನ ತುದಿಯಿಂದ ಗೆರೆ ಇಳಿಸುತ್ತಿದ್ದಳು. ಬರೆದ ಕೂಡಲೇ ಗೆರೆ ಕಾಣುತ್ತಿರಲಿಲ್ಲ, ಬರೀ ಒದ್ದೆ. ಒಣಗುತ್ತಾ ಒಣಗುತ್ತಾ ಬೆಳ್ಳಗೆ ಎದ್ದು ಬರುತ್ತಿತ್ತು. ನಾನು ಬೇಗ ಬರೆಯಬೇಕು ಅಂತ ಹಟ ಮಾಡಿದರೆ ಒಂದೇ ಮಾತು: “ಮೊದ್ಲು ನೆಲ ಒರೆಸು ಕೂಸೆ, ಆಮೇಲೆ ದೇವ್ರ ಕರಿ.”

ನೆಲ ಆದ ಮೇಲೆ ನಡುವೆ ಒಂದು ಮಣೆ ಇಟ್ಟು ಅದರ ಮೇಲೆ ದೀಪ, ಒಂದು ಬಟ್ಟಲು ನೀರು, ಚೂರು ಉಪ್ಪು, ಧೂಪ. ನಾಲ್ಕು ದಿಕ್ಕಿಗೆ ನಾಲ್ಕು ಹಣತೆ ಅಥವಾ ಮೇಣದ ಬತ್ತಿ. ಎರಡು ನಿಮಿಷ ಸುಮ್ನೆ ಕೂತು ಉಸಿರು ಗಮನಿಸಿ, ಅಂಗಾಲಿನಿಂದ ನೆಲದ ಭಾರ ತಿಳಿಯುವ ತನಕ. ಇದನ್ನು ಗ್ರೌಂಡಿಂಗ್ ಅನ್ನುತ್ತಾರೆ. ಬಿಡಬೇಡಿ.

ಆಮೇಲೆ ನೀರಿಗೂ ಉಪ್ಪಿಗೂ ಒಂದೊಂದು ಒಳ್ಳೆ ಮಾತು ಹೇಳಿ, ಉಪ್ಪನ್ನು ನೀರಿಗೆ ಬೆರೆಸಿ, ಸುತ್ತಲೂ ಚಿಮುಕಿಸುತ್ತಾ ನಡೆಯಬೇಕು. ಎರಡನೇ ಸುತ್ತು ಧೂಪ ಹಿಡಿದು. ಹೀಗೆ ನೆಲ, ನೀರು, ಗಾಳಿ, ಬೆಂಕಿ ನಾಲ್ಕೂ ಆ ಜಾಗವನ್ನು ಮುಟ್ಟಿದ ಹಾಗಾಯಿತು. ಮೂರನೇ ಸುತ್ತಿನಲ್ಲಿ ಗೆರೆ ಎಳೆಯುವುದು: ಅಥಾಮೆ ಎಂಬ ಕಪ್ಪು ಹಿಡಿಯ ಚಾಕು, ಇಲ್ಲವೇ ಕೋಲು, ಇಲ್ಲವೇ ತೋರುಬೆರಳನ್ನು ಹೊರಗೆ ಚಾಚಿ, ಬೆಳಕಿನ ಒಂದು ಗೋಡೆ ಏಳುತ್ತಿದೆ ಅಂತ ಮನಸ್ಸಿನಲ್ಲಿ ಕಾಣುತ್ತಾ ನಡೆಯುವುದು. ನಡಿಗೆ ಬಲಕ್ಕೆ, ಅಂದರೆ ನಮ್ಮ ಪ್ರದಕ್ಷಿಣೆ. ವಿಕ್ಕನ್ನರ ಮಾತಿನಲ್ಲಿ ಡಿಯೋಸಿಲ್, ಸೂರ್ಯ ಹೋಗುವ ಕಡೆಗೆ.

ಕೊನೆಗೆ ಒಂದೊಂದು ದಿಕ್ಕಿಗೂ ಮುಖ ಮಾಡಿ ಆ ದಿಕ್ಕಿನ ಶಕ್ತಿಯನ್ನು ಕರೆದು, ಆಮೇಲೆ ದೇವಿ, ದೇವರನ್ನು ಕರೆಯುವುದು. ಕೆಲವರು ದಿಕ್ಕುಗಳನ್ನು ವಾಚ್‌ಟವರ್ ಅನ್ನುತ್ತಾರೆ. ಆ ಹೆಸರು 16ನೇ ಶತಮಾನದ ಇಂಗ್ಲಿಷ್ ವಿದ್ವಾಂಸ, ಮಾಂತ್ರಿಕ ಜಾನ್ ಡೀಯ ಬರಹಗಳಿಂದ, 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಮಾಂತ್ರಿಕರ ಗುಂಪಿನ ಮೂಲಕ ವಿಕ್ಕಾಕ್ಕೆ ಬಂತು. ಕಾವಲುಗೋಪುರ ಅನ್ನುವ ಮಾತು ನನ್ನ ಬಾಯಿಗೆ ಒಗ್ಗಲಿಲ್ಲ. “ಪಡುವಣದ ನೀರೇ, ಬಾ” ಅನ್ನುತ್ತೇನೆ, ಅಷ್ಟೇ.

ಮಂಡಲ ಎಷ್ಟು ದೊಡ್ಡದಿರಬೇಕು? ಚಾಕು ಬೇಕೇ ಬೇಕಾ?

ಗಾರ್ಡ್ನರ್ ಪರಂಪರೆಯಲ್ಲಿ 9 ಅಡಿ ಅಗಲ. ಬಾಡಿಗೆ ಕೋಣೆಯಲ್ಲಿ ಎಲ್ಲಿಂದ ತರುವುದು? ನೀವು ಕೂತು, ಎದ್ದು, ಕೈ ಚಾಚುವಷ್ಟು ಇದ್ದರೆ ಸಾಕು.

ಚಾಕು ಬೇಡ. ಅಥಾಮೆ ಏನನ್ನೂ ಕತ್ತರಿಸುವುದಕ್ಕಲ್ಲ, ತೋರಿಸುವುದಕ್ಕೆ. ಮನೆಯಲ್ಲಿ ಇಟ್ಟುಕೊಳ್ಳುವುದು ನಿಮ್ಮಿಷ್ಟ. ಆದರೆ ಚಾಕು ಹಿಡಿದು ಕತ್ತಲಲ್ಲಿ ಬೀಚಿಗೆ ಹೋಗಬೇಡಿ. ಕಾರವಾರ ನೌಕಾನೆಲೆಯ ಊರು, ಕರಾವಳಿಯ ಕೆಲವು ಭಾಗಕ್ಕೆ ಹೋಗುವಂತೆಯೇ ಇಲ್ಲ. ಪೊಲೀಸರು ಕೇಳಿದರೆ ಅಥಾಮೆಯ ಅರ್ಥ ವಿವರಿಸುವ ಹೊತ್ತು ಅದಲ್ಲ.

ನಾಲ್ಕು ದಿಕ್ಕುಗಳು ನಮ್ಮೂರಿಗೆ ಹೊಂದುತ್ತವಾ?

ನನಗೆ ಅತಿ ಇಷ್ಟದ ಪ್ರಶ್ನೆ. ವಿಕ್ಕಾದ ರೂಢಿ ಹೀಗಿದೆ: ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ನೆಲ. ಕಾರವಾರದ ಮರಳಿನ ಮೇಲೆ ನಿಂತು ಒಂದೊಂದಾಗಿ ನೋಡೋಣ.

ಪಶ್ಚಿಮಕ್ಕೆ ನೀರು. ಇದಕ್ಕೆ ಸಾಕ್ಷಿ ಬೇಕಾಗಿಲ್ಲ, ಅರಬ್ಬಿ ಸಮುದ್ರ ಎದುರಿಗೇ ಇದೆ. ನಮ್ಮ ದಿಕ್ಪಾಲಕರಲ್ಲೂ ಪಶ್ಚಿಮ ವರುಣನದ್ದೇ.

ದಕ್ಷಿಣಕ್ಕೆ ಬೆಂಕಿ. ಇಂಗ್ಲೆಂಡಿನಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಅವರಿಗೆ ದಕ್ಷಿಣ ಅಂದರೆ ಬಿಸಿಲು. ನಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಉತ್ತರಕ್ಕೆ ನೆಲ. ನಮ್ಮ ಗಟ್ಟಿ ನೆಲ ಇರುವುದು ಪೂರ್ವಕ್ಕೆ, ಸಹ್ಯಾದ್ರಿಯ ಸಾಲು. ಕಾರವಾರದಲ್ಲಂತೂ ಗುಡ್ಡ ಕಡಲಿನ ಹತ್ತಿರಕ್ಕೇ ಬಂದು ನಿಂತಿದೆ.

ಪೂರ್ವಕ್ಕೆ ಗಾಳಿ. ಬೆಳಗಿನ ಜಾವ ಇದು ನಿಜ. ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ತಿರುಗಿ, ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಬೀಸುತ್ತದೆ. ವಾಯವ್ಯ ಅನ್ನುವ ಹೆಸರಲ್ಲೇ ವಾಯು ಇದ್ದಾನಲ್ಲ!

ಇದನ್ನೆಲ್ಲ ನೋಡಿ ನಾನು ಬದಲಾಯಿಸಿಕೊಂಡೆ. ಪಶ್ಚಿಮಕ್ಕೆ ನೀರು, ಪೂರ್ವಕ್ಕೆ ನೆಲ, ಉತ್ತರಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ. ಅಗ್ನಿಯ ಆಗ್ನೇಯ ಮೂಲೆಯೂ ದಕ್ಷಿಣದ ಪಕ್ಕದಲ್ಲೇ ಇದೆ. ಹೀಗೆ ಬದಲಾಯಿಸುವುದು ತಪ್ಪಲ್ಲ. ಆಸ್ಟ್ರೇಲಿಯಾದ ಅನೇಕ ವಿಕ್ಕನ್ನರು ಬೆಂಕಿಯನ್ನು ಉತ್ತರಕ್ಕೆ ಇಟ್ಟು ನಡಿಗೆಯನ್ನೂ ಎಡಕ್ಕೆ ತಿರುಗಿಸಿಕೊಂಡಿದ್ದಾರೆ. ಒಂದು ಗುಂಪಿನ ಜೊತೆ ಮಾಡುವಾಗ ಮಾತ್ರ ಆ ಗುಂಪಿನ ಕ್ರಮವೇ ಇರಲಿ.

ಮುಳುಗುವ ಸೂರ್ಯನನ್ನು ನೋಡಿ ಪಶ್ಚಿಮ ಗುರುತಿಸುವವರಿಗೆ ಒಂದು ಮಾತು. ಜೂನ್ ಕೊನೆಯಲ್ಲಿ ಸೂರ್ಯ ನಿಜವಾದ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಬಲಕ್ಕೆ ಮುಳುಗುತ್ತಾನೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ಎಡಕ್ಕೆ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಮಾತ್ರ ಸರಿಯಾಗಿ ನಡುವೆ.

ಇದು ನಮ್ಮ ದಿಗ್ಬಂಧನವೇ ಅಲ್ವಾ?

ಹೋಲಿಕೆ ಇದೆ. ಪೂಜೆಗೆ ಮುಂಚೆ ದಿಕ್ಕು ಕಟ್ಟುವುದು, ಸ್ಥಳ ಶುದ್ಧಿ, ನೀರು ಚಿಮುಕಿಸುವುದು ನಮ್ಮಲ್ಲೂ ಇವೆ. ಆದರೆ ಎರಡೂ ಒಂದೇ ಅಂತ ಹೇಳಲು ನನಗೆ ಮನಸ್ಸಾಗುವುದಿಲ್ಲ. ಪುರೋಹಿತರ ಮಂತ್ರವನ್ನು ಅರ್ಧ ಕಲಿತು ಮಂಡಲಕ್ಕೆ ಸೇರಿಸಬೇಡಿ. ನಿಮ್ಮ ಸ್ವಂತ ಕನ್ನಡದಲ್ಲಿ ನಾಲ್ಕು ಮಾತು ಹೇಳಿ.

ಹುಣ್ಣಿಮೆಗೆ ಬೀಚಿನಲ್ಲಿ ಮಂಡಲ ಹಾಕಬಹುದಾ?

ಹಾಕಬಹುದು, ಆದರೆ ಕಡಲಿನ ಲೆಕ್ಕ ತಿಳಿದುಕೊಂಡು. ಮೊದಲ ಸಲ ನಾನು ಒದ್ದೆ ಮರಳಿನ ಅಂಚಿಗೆ ಗೆರೆ ಎಳೆಯುತ್ತಾ ಇದ್ದೆ. ಬಲೆ ಮಡಚುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದು, “ಬಾಯಿ, ಇಲ್ಲಿ ಕೂತ್ಕೋಬೇಡಿ. ಇವತ್ತು ಹುಣ್ಣಿಮೆ, ಭರತಿ ಅಲ್ಲೀತನಕ ಬರ್ತದೆ” ಅಂತ ನನ್ನ ಹಿಂದೆ ದೂರದಲ್ಲಿದ್ದ ಕಸದ ಸಾಲನ್ನು ತೋರಿಸಿದರು. ಒಣಗಿದ ಪಾಚಿ, ಕಡ್ಡಿ, ಚಿಪ್ಪು ಎಲ್ಲ ಸೇರಿ ಉದ್ದಕ್ಕೆ ಬಿದ್ದಿದ್ದವು. ನಾನು ಅದನ್ನು ನೋಡಿಯೇ ಇರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ ಎರಡರ ಸೆಳೆತವೂ ಒಂದೇ ಸಾಲಿಗೆ ಬಂದು ಉಬ್ಬರ, ಅಂದರೆ ಅವರು ಹೇಳಿದ ಭರತಿ, ಜಾಸ್ತಿ ಏರುತ್ತದೆ. ಅಂದರೆ ನಾವು ಬೀಚಿಗೆ ಹೋಗಬೇಕು ಅನ್ನುವ ದಿನವೇ ನೀರು ಅತಿ ಮೇಲೆ ಬರುವ ದಿನ. ಆ ಕಸದ ಸಾಲಿನ ಆಚೆ, ಒಣ ಮರಳಿನಲ್ಲಿ ಕೂರಿ. ಮಳೆಗಾಲದಲ್ಲಿ ಬೀಚು ಬೇಡವೇ ಬೇಡ.

ಇನ್ನೊಂದು ವಿಷಯ ಆಮೆ. ಚಳಿಗಾಲದಿಂದ ನಮ್ಮ ಜಿಲ್ಲೆಯ ತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಎರಡೂ ಕಡೆ ಗೂಡುಗಳಿಗೆ ಬಲೆ ಕಟ್ಟಿ ಕಾಯುವುದನ್ನು ನೋಡಬಹುದು. ಮೊಟ್ಟೆ ಒಡೆಯಲು ಒಂದೂವರೆಯಿಂದ ಎರಡು ತಿಂಗಳು. ಹೊರಬಂದ ಮರಿ ಬೆಳಕು ಇರುವ ಕಡೆ ಹೋಗುತ್ತದೆ. ಕತ್ತಲ ರಾತ್ರಿಯಲ್ಲಿ ಆ ಬೆಳಕು ಕಡಲಿನದ್ದು. ನೀವು ನಾಲ್ಕು ದೀಪ ಹಚ್ಚಿ ಕೂತರೆ ಮರಿ ನಿಮ್ಮ ಕಡೆ ಬರುತ್ತದೆ, ದಾರಿ ತಪ್ಪಿ ಸಾಯುತ್ತದೆ. ನಿಸರ್ಗವೇ ದೈವ ಅಂತ ನಂಬುವ ನಾವು ಇಷ್ಟು ತಿಳಿಯದಿದ್ದರೆ ಹೇಗೆ? ಆ ತಿಂಗಳುಗಳಲ್ಲಿ ನಾನು ತೀರದಲ್ಲಿ ದೀಪ ಹಚ್ಚುವುದಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಚಿಪ್ಪು ಇಡುತ್ತೇನೆ. ಹುಣ್ಣಿಮೆಯ ಬೆಳಕು ಧಾರಾಳವಾಗಿ ಇರುತ್ತದೆ.

ದೇವರಕಾಡಿನಲ್ಲಿ ಮಾಡಬಹುದಾ? ಅಲ್ಲಿ ಶಕ್ತಿ ಜಾಸ್ತಿ ಅಂತಾರೆ.

ನನ್ನ ಉತ್ತರ, ಬೇಡ. ಶಿರಸಿ, ಸಿದ್ದಾಪುರದ ಕಡೆ ಕಾನು, ದೇವರಕಾಡು ಅಂತ ಊರವರು ತಲೆಮಾರುಗಳಿಂದ ಕಾಪಾಡಿದ ಜಾಗಗಳಿವೆ. ಮರದ ಬುಡದಲ್ಲಿ ಚೌಡಿ, ಜಟಕ, ಭೂತಪ್ಪ ಅಂತ ಒಂದು ಕಲ್ಲು ಇರುತ್ತದೆ. ಚಪ್ಪಲಿ ಬಿಡಬೇಕು, ಕತ್ತಿ ತರಬಾರದು, ಬಿದ್ದ ಕಟ್ಟಿಗೆ ಒಯ್ಯಬಾರದು ಅಂತ ಒಂದೊಂದು ಊರಿನದ್ದು ಒಂದೊಂದು ಕಟ್ಟಳೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು ಕೆಸರಿನಲ್ಲಿ ಬೇರನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತಿವೆ. ಅಂಥ ಜೌಗು ಈಗ ಪಶ್ಚಿಮ ಘಟ್ಟದಲ್ಲಿ ತುಣುಕು ತುಣುಕಾಗಿ ಮಾತ್ರ ಉಳಿದಿದೆ. ಹತ್ತು ಜನ ವೃತ್ತದಲ್ಲಿ ನಡೆದರೂ ಅದಕ್ಕೆ ಪೆಟ್ಟು.

ಮಂಡಲ ಹಾಕುವುದು ಸಾಮಾನ್ಯ ಜಾಗವನ್ನು ಒಂದು ಗಂಟೆ ಗುಡಿ ಮಾಡುವುದಕ್ಕೆ. ಅಲ್ಲಿ ಗುಡಿ ಆಗಲೇ ಇದೆ, ಅದಕ್ಕೆ ಒಡೆಯರೂ ಇದ್ದಾರೆ. ಒಬ್ಬರ ಮನೆಯ ದೇವರ ಕೋಣೆಯಲ್ಲಿ ಹೋಗಿ ನಮ್ಮ ದೇವರ ಕೋಣೆ ಕಟ್ಟಿದ ಹಾಗಾಗುತ್ತದೆ. ಹೋಗಬೇಕು ಅನಿಸಿದರೆ ಊರವರನ್ನು ಕೇಳಿ, ಅವರ ಕಟ್ಟಳೆಯಂತೆ ಕೈಮುಗಿದು, ಸ್ವಲ್ಪ ಹೊತ್ತು ಕೂತು ಬನ್ನಿ. ಉಳಿದ ಕಾಡಿನಲ್ಲೂ ಅರಣ್ಯ ಇಲಾಖೆಯ ನಿಯಮ ಇದೆ. ಫೆಬ್ರವರಿಯಿಂದ ಮೇ ತನಕ ಎಲೆ ಒಣಗಿರುವಾಗ ಒಂದು ಕಿಡಿ ಸಾಕು. ಕಾಡಿಗೆ ಬೆಂಕಿ ಒಯ್ಯಬೇಡಿ.

ನಮ್ಮ ಸ್ವಂತ ತೋಟದಲ್ಲಿ ಮಾಡುವಾಗಲೂ ನಾನು ಮೊದಲು ಜಾಗವನ್ನು ಕೇಳುತ್ತೇನೆ. ಬರಿಗಾಲಲ್ಲಿ ನಿಂತು ಹೆಸರು ಹೇಳಿ, ಬಂದ ಕೆಲಸ ಹೇಳಿ, ಒಂದು ಲೋಟ ನೀರು ನೆಲಕ್ಕೆ ಬಿಡುತ್ತೇನೆ. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಹೋಗಿ, ಬಸುರಿಗೆ ಬಡಿಸುವ ಹಾಗೆ ಪೈರಿಗೆ ಊಟ ಬೀರುವ ಜನರ ನಡುವೆ ಬೆಳೆದವಳು ನಾನು. ಕೇಳದೆ ಕೂರುವುದು ನನ್ನಿಂದ ಆಗುವುದಿಲ್ಲ.

ಮಳೆಗಾಲದಲ್ಲಿ ಏನು ಮಾಡುವುದು?

ಮನೆಯೊಳಗೆ ಮಾಡಿ. ಎಂಟು ಹಬ್ಬದಲ್ಲಿ ಜೂನ್ 21ರ ಹೊತ್ತಿನ ಲಿಥಾ, ಆಗಸ್ಟ್ ಮೊದಲಿನ ಲೂನಸಾ ಎರಡೂ ನಮ್ಮ ಜೋರು ಮಳೆಗೆ ಸಿಕ್ಕಿಕೊಳ್ಳುತ್ತವೆ. ಲಿಥಾ ಇಂಗ್ಲೆಂಡಿನವರಿಗೆ ಬಿಸಿಲ ಹಬ್ಬ. ನಾನು ಆ ದಿನ ಜಗುಲಿಯಲ್ಲಿ ಲಾಟೀನು ಇಟ್ಟು ಮಳೆಗೆ ಮುಖ ಮಾಡಿ ಕೂರುತ್ತೇನೆ. ಮಾಡಿನಿಂದ ಇಳಿಯುವ ನೀರೇ ಒಂದು ಕಡೆಯ ಗೋಡೆ.

ಒಳಗೆ ಕೆಂಡದ ಮೇಲೆ ಧೂಪ ಹಾಕುವವರು ಕಿಟಕಿ ತೆರೆದಿಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಜೀವ ತೆಗೆಯುತ್ತದೆ. ಅನುಮಾನ ಇದ್ದರೆ ಒಂದು ಊದುಬತ್ತಿ ಸಾಕು.

ಬಿಳಿ ಸೇಜ್ ಎಲೆ ತರಿಸಬೇಕಾ?

ಬೇಡ. ಅದನ್ನು ಸುಡುವುದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಚರಣೆ, ಅಲ್ಲಿ ಕಾಡಿನಿಂದ ಅತಿಯಾಗಿ ಕೀಳುತ್ತಿದ್ದಾರೆ ಅಂತ ಅವರೇ ನೊಂದುಕೊಂಡಿದ್ದಾರೆ. ಧೂಪಕ್ಕೆ ನಮ್ಮ ಘಟ್ಟದ ಮರದ ಅಂಟು ಹಾಲುಮಡ್ಡಿ ಇದೆ, ಗೆರಟೆಯ ಕೆಂಡ ಇದೆ. ಉಪ್ಪಿಗೆ ಗೋಕರ್ಣದ ಪಕ್ಕದ ಸಾಣಿಕಟ್ಟಾ ಇದೆ. ಆ ದಪ್ಪ ಹರಳನ್ನು ಅಂಗೈಯಲ್ಲಿ ಹಿಡಿದರೆ ಕಡಲು, ಬಿಸಿಲು, ಮಣ್ಣು ಮೂರೂ ಕೈಗೆ ಬಂದ ಹಾಗೆ. ಉಪ್ಪಿನಲ್ಲಿ ಗೆರೆ ಹಾಕುವುದಾದರೆ ತಟ್ಟೆಯಲ್ಲಿ, ಇಲ್ಲವೇ ಸಿಮೆಂಟ್ ನೆಲದ ಮೇಲೆ. ಅಡಿಕೆ ಮರದ ಬುಡಕ್ಕೆ ಸುರಿಯಬೇಡಿ, ಬೇರು ಸುಡುತ್ತದೆ.

ನಡುವೆ ಎದ್ದು ಹೋಗಬೇಕಾಗಿ ಬಂದರೆ?

ಬಾಗಿಲು ತೆರೆಯುವ ಹಾಗೆ ಕೈಯಿಂದ ಗೆರೆಯಲ್ಲಿ ಒಂದು ದಾರಿ ಬಿಡಿಸಿ, ಹೊರಗೆ ಹೋಗಿ, ಹಿಂದೆ ಮುಚ್ಚಿ. ಬಂದ ಮೇಲೆ ಮತ್ತೆ ಹಾಗೇ. ಮಗು ಅತ್ತರೆ, ಒಲೆಯ ಮೇಲೆ ಹಾಲು ಉಕ್ಕಿದರೆ ಇದೇನೂ ಬೇಡ, ಓಡಿ.

ಮುಟ್ಟಾದಾಗ ಮಾಡಬಹುದಾ?

ವಿಕ್ಕಾದಲ್ಲಿ ಅದಕ್ಕೆ ಯಾವ ತಡೆಯೂ ಇಲ್ಲ. ಮನೆಯಲ್ಲಿ ಹಿರಿಯರು ಮಡಿ ಪಾಲಿಸುತ್ತಿದ್ದರೆ ದೇವರ ಕೋಣೆಯ ವಿಷಯದಲ್ಲಿ ಜಗಳ ಬೇಡ. ನಿಮ್ಮ ಮಂಡಲ ನಿಮ್ಮ ಕೋಣೆಯಲ್ಲಿ ಇರಲಿ.

ಮನೆಯವರು “ಇದು ಮಾಟ” ಅಂದರೆ?

ಹೆದರುವುದು ಸಹಜ. ಗೆರೆ, ಉಪ್ಪು, ನಡುರಾತ್ರಿ ಅಂದರೆ ನಮ್ಮ ಕಡೆ ಜನ ಬೇರೆಯೇ ಅರ್ಥ ಮಾಡುತ್ತಾರೆ. ಅಡಗಿಸಿ ಮಾಡಬೇಡಿ, ಅಡಗಿಸಿದಷ್ಟೂ ಅನುಮಾನ ಜಾಸ್ತಿ. ಯಾರಿಗೂ ಕೆಡುಕು ಬಯಸದಿರುವುದು ವಿಕ್ಕಾದ ಮೊದಲ ಮಾತು ಅಂತ ಹೇಳಿ, ಒಂದು ಸಲ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇರೆಯವರ ಅಂಗಳದ ಹತ್ತಿರ, ಮೂರು ದಾರಿ ಕೂಡುವಲ್ಲಿ ಏನನ್ನೂ ಇಡಬೇಡಿ. ದುಡ್ಡು ತೆಗೆದುಕೊಂಡು ಯಾರ ಭೂತ ಬಿಡಿಸುವುದಕ್ಕೂ ಹೋಗಬೇಡಿ. ವಾಮಾಚಾರದ ಹೆಸರಿನಲ್ಲಿ ಜನರನ್ನು ಹಿಂಸಿಸುವುದರ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, ಇರಲೇಬೇಕಾದ ಕಾಯ್ದೆ ಅದು.

ಎಲ್ಲ ಪೇಗನ್ನರೂ ಮಂಡಲ ಹಾಕುತ್ತಾರಾ?

ಇಲ್ಲ. ಹಳೆಯ ಕೆಲ್ಟಿಕ್ ಪುರೋಹಿತರ ಹೆಸರು ಇಟ್ಟುಕೊಂಡ ಇಂದಿನ ಡ್ರೂಯಿಡರಲ್ಲಿ ಅನೇಕರು ನಾಲ್ಕು ದಿಕ್ಕಿಗೂ ತಿರುಗಿ ಶಾಂತಿ ಕೋರಿ ಶುರು ಮಾಡುತ್ತಾರೆ. ಹಳೆಯ ಗ್ರೀಕ್ ದೇವತೆಗಳನ್ನು ಪೂಜಿಸುವವರು ಉರಿಯುವ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಆ ನೀರಿನಿಂದ ಕೈ, ಮುಖ ತೊಳೆಯುತ್ತಾರೆ. ಮಂಡಲ ನಿಮಗೆ ಒಗ್ಗದಿದ್ದರೆ ಇವನ್ನು ನೋಡಿ.

ಕೇಕು, ವೈನು ಇಡಬೇಕು ಅಂತಾರೆ. ನಾವೇನು ಇಡಬೇಕು?

ಆಚರಣೆಯ ಕೊನೆಗೆ ಹಂಚಿ ತಿನ್ನುವ ಪದ್ಧತಿ ಅದು, ತಿಂದರೆ ಮನಸ್ಸು ನೆಲಕ್ಕೆ ಇಳಿಯುತ್ತದೆ. ನಾನು ತೊಡದೇವು ಎಂಬ ನಮ್ಮ ಕಡೆಯ ಸಿಹಿ ತಿಂಡಿ ಮತ್ತು ಮುರುಗಲು ಹಣ್ಣಿನ ಪಾನಕ ಇಡುತ್ತೇನೆ. ಕಾಗದದಷ್ಟು ತೆಳು ತೊಡದೇವು ಮುರಿಯುವಾಗ ಆಗುವ ಸದ್ದು ಆ ಮೌನದಲ್ಲಿ ಎಷ್ಟು ಚಂದ ಕೇಳುತ್ತದೆ ಗೊತ್ತಾ!

ಮುಗಿಸುವುದು ಹೇಗೆ? ಸುಮ್ನೆ ಎದ್ದು ಬಂದರೆ ಆಗುತ್ತಾ?

ಆಗುವುದಿಲ್ಲ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಮಂಡಲ ಹಾಕಲು ಅರ್ಧ ಗಂಟೆ ಕೊಟ್ಟವರು ಬಿಚ್ಚಲು ಎರಡು ನಿಮಿಷ ಕೊಡುತ್ತಾರೆ. ಕರೆದವರನ್ನು ಕಳಿಸಿಕೊಡದೆ ಬಾಗಿಲು ಹಾಕಿದ ಹಾಗೆ ಅದು. ದೇವಿ, ದೇವರಿಗೆ ನಮಸ್ಕಾರ ಹೇಳಿ, ಒಂದೊಂದು ದಿಕ್ಕಿಗೂ ಹೋಗಿ “ಬಂದಿದ್ದಕ್ಕೆ ಸಂತೋಷ, ಹೋಗಿ ಬನ್ನಿ” ಅನ್ನಿ. ದೀಪವನ್ನು ಒಂದೊಂದಾಗಿ ಆರಿಸಿ.

ಅನೇಕರು ಎಡಕ್ಕೆ ನಡೆದು ಗೆರೆ ಬಿಚ್ಚುತ್ತಾರೆ. ಒಮ್ಮೆ ಊರಿನ ಮನೆಯಲ್ಲಿ ನಾನು ಹಾಗೆ ನಡೆಯುವುದನ್ನು ನೋಡಿ ಅಮ್ಮನ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಅಪ್ರದಕ್ಷಿಣೆ ಸಾವಿನ ಕ್ರಿಯೆಗೆ. ಬಲಕ್ಕೇ ನಡೆದು ಮುಗಿಸುವ ಗುಂಪುಗಳೂ ಇವೆ. ಅವತ್ತಿನಿಂದ ನಾನೂ ಹಾಗೇ ಮುಗಿಸುತ್ತೇನೆ.

ಆಮೇಲೆ ಜಾಗವನ್ನು ಮೊದಲಿದ್ದ ಹಾಗೆ ಮಾಡುವುದು. ಉಪ್ಪು ನೀರು ಬಚ್ಚಲಿಗೆ, ಧೂಪದ ಬೂದಿ ತಣಿದ ಮೇಲೆ ಬಾಳೆ ಬುಡಕ್ಕೆ, ತೊಡದೇವಿನ ಚೂರು ಕಾಗೆಗೆ. ಮರಳಿನಲ್ಲಿ ಬಿದ್ದ ಮೇಣದ ಹನಿ ಹುಡುಕುವುದು ಕಷ್ಟ, ಚಿಪ್ಪಿನ ಚೂರು ಯಾವುದು, ಮೇಣ ಯಾವುದು ಗೊತ್ತಾಗುವುದಿಲ್ಲ. ನಾನು ಬಗ್ಗಿ ಒಂದೊಂದನ್ನೇ ಉಗುರಿನಿಂದ ಒತ್ತಿ ನೋಡುತ್ತೇನೆ. ಮೆತ್ತಗಿದ್ದರೆ ಚೀಲಕ್ಕೆ, ಗಟ್ಟಿಯಿದ್ದರೆ ಮರಳಿಗೆ.